ಓದುಗರ ಅಂಗಳ: ಯಾವುದು ಅಸಲಿ ಕಂಟ್ರಿ ಹಾಡು?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳ್ಳಿಹಾಡಿನಿಂದ ಬೆಳೆದ ಕಂಟ್ರಿ ಸಂಗೀತವನ್ನು ಕುರಿತು ಬರೆಯುತ್ತ, ನನ್ನ ಮನಸ್ಸಿಗೆ ಹತ್ತಿರವಾದ ಹಾಡುಗಳಲ್ಲಿ ಹೆಚ್ಚಿನವು 1965ಕ್ಕಿಂತ ಹಿಂದಿನವು ಎಂದು ಹೇಳಿದ್ದೆ. ಆ ಒಂದು ಮಾತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವರು ಒಪ್ಪಿದ್ದಾರೆ, ಹೆಚ್ಚಿನವರು ತಕರಾರು ತೆಗೆದಿದ್ದಾರೆ. ಉತ್ತರಿಸಲೇಬೇಕೆನಿಸಿದ ಏಳು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಗುಂತಕಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ನೆರೆಮನೆಯ ಆಂಗ್ಲೋ ಇಂಡಿಯನ್ ಕುಟುಂಬದವರ ಗ್ರಾಮಫೋನಿನಲ್ಲಿ ಜಿಮ್ ರೀವ್ಸ್ ಹಾಡುಗಳನ್ನು ಕೇಳಿ, ಅವನ್ನು ಇಂದಿಗೂ ಬಿಟ್ಟಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಕೇಳಿಸುವ ಇಂದಿನ ಕಂಟ್ರಿ ಹಾಡುಗಳಲ್ಲಿ ಡ್ರಮ್ಮಿನ ಬಡಿತ, ರಾಕ್ ಗಿಟಾರಿನ ಅಬ್ಬರ, ನಡುವೆ ರ‍್ಯಾಪ್ ಕೂಡ ಇರುತ್ತದೆ. ಇದನ್ನೂ ಕಂಟ್ರಿ ಎನ್ನಬೇಕೆ? ಅಸಲಿ ಕಂಟ್ರಿ ಯಾವ ಕಾಲಕ್ಕೆ ಮುಗಿಯಿತೆಂದು ಖಚಿತವಾಗಿ ಹೇಳುವಿರಾ?
— ಕಂಟೋನ್ಮೆಂಟ್, ಬಳ್ಳಾರಿ

ಉತ್ತರ: ಜಿಮ್ ರೀವ್ಸ್ ಅವರ ದನಿಯ ಮೇಲೆ ತಮಗಿರುವ ಪ್ರೀತಿ ನನಗೂ ಇದೆ. ನಾನು ಬೆಳೆದ ಓಣಿಯಲ್ಲಿಯೂ ಕ್ರಿಸ್‌ಮಸ್ ತಿಂಗಳು ಬಂತೆಂದರೆ ಆ ದನಿ ಯಾವುದಾದರೊಂದು ಮನೆಯ ಕಿಟಕಿಯಿಂದ ಕೇಳಿಬರುತ್ತಿತ್ತು. ಆದರೆ ತಾವು ಎಳೆದಿರುವ ಗೆರೆಯನ್ನು ಒಪ್ಪಲು ನನ್ನಿಂದಾಗದು. ಏಕೆಂದರೆ ಅದೇ ಗೆರೆಯನ್ನು ಅವರ ಕಾಲದ ಹಿರಿಯ ಕೇಳುಗರ ಕೈಗೆ ಕೊಟ್ಟಿದ್ದರೆ ಜಿಮ್ ರೀವ್ಸ್ ಅವರೇ ಅದರ ಆಚೆಗೆ ಉಳಿಯುತ್ತಿದ್ದರು. 1953ರಲ್ಲಿ ಅವರಿಗೆ ಮೊದಲ ದೊಡ್ಡ ಹೆಸರು ತಂದ ಹಾಡಿನಲ್ಲಿ ಅವರದು ಎತ್ತರದ, ಗಟ್ಟಿಯಾದ ಗಾಯನ. 1957ರ ಹೊತ್ತಿಗೆ ಅವರು ಮೈಕಿಗೆ ತುಟಿ ತಾಗಿಸಿದಂತೆ ನಿಂತು, ಪಿಸುಮಾತಿಗಿಂತ ತುಸುವೇ ಮೇಲಿನ ದನಿಯಲ್ಲಿ ಹಾಡತೊಡಗಿದರು; ತಾವು ಹಚ್ಚಿಕೊಂಡದ್ದು ಈ ದನಿಯನ್ನೇ. ಎಲ್ವಿಸ್ ಪ್ರೆಸ್ಲಿ ಬಂದು ಎಳೆಯ ಕೇಳುಗರೆಲ್ಲ ರಾಕ್ ಅಂಡ್ ರೋಲ್ ಕಡೆಗೆ ಹೊರಟುಹೋದಾಗ, ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನ ನಿರ್ಮಾಪಕರಾದ ಚೆಟ್ ಅಟ್ಕಿನ್ಸ್ ಮತ್ತು ಓವೆನ್ ಬ್ರಾಡ್ಲಿ ಹಳ್ಳಿಯ ಧಾಟಿಯ ಫಿಡಲ್ಲನ್ನೂ ಸ್ಟೀಲ್ ಗಿಟಾರನ್ನೂ ಹಿಂದಕ್ಕೆ ಸರಿಸಿ, ಆರ್ಕೆಸ್ಟ್ರಾ ಶೈಲಿಯ ಪಿಟೀಲುಗಳ ಗುಂಪನ್ನೂ ಹಿನ್ನೆಲೆಯ ಮೇಳಗಾಯನವನ್ನೂ ಮುಂದೆ ತಂದರು. ಅದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಎಂಬ ಹೆಸರು ಬಿತ್ತು. ಅಂದಿನ ಹಿರಿಯರು ಅದನ್ನು ಕೇಳಿ, ಇದು ನಗರದ ಪಾಪ್ ಸಂಗೀತ, ನಮ್ಮ ಹಾಡು ಸತ್ತಿತು ಎಂದು ನೊಂದುಕೊಂಡರು. ತಮ್ಮ ಮೊಮ್ಮಗನ ಹಾಡು ಕೇಳಿ ತಾವು ಇಂದು ಆಡುತ್ತಿರುವುದು ಅದೇ ಮಾತು.

ಇನ್ನೂ ಹಿಂದಕ್ಕೆ ಹೋದರೂ ಕದಡದ ನೀರು ಸಿಗುವುದಿಲ್ಲ. 1927ರ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ರಾಲ್ಫ್ ಪಿಯರ್ ಎಂಬವರು ವಿಕ್ಟರ್ ಕಂಪನಿಯ ಪರವಾಗಿ ಬ್ರಿಸ್ಟಲ್ ಎಂಬ ಪಟ್ಟಣದಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೂಡಿ ಕುಳಿತರು. ಹಾಡುಗಾರರ ಮನೆತನವಾದ ಕಾರ್ಟರ್ ಕುಟುಂಬ, ಗಾಯಕ ಜಿಮ್ಮಿ ರಾಜರ್ಸ್ ಇಬ್ಬರೂ ಮೊದಲು ಬೆಳಕಿಗೆ ಬಂದದ್ದು ಆ ಎರಡು ವಾರಗಳಲ್ಲಿ. ಕಂಟ್ರಿ ಸಂಗೀತದ ಹುಟ್ಟುಹಬ್ಬವೆಂದು ಬಹಳ ಜನ ಎಣಿಸುವುದು ಅದನ್ನೇ. ಆ ಪಟ್ಟಣದ ನಡುಬೀದಿಯೇ ಟೆನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ. ಬೀದಿಯ ಈಚೆಗೊಂದು ನುಡಿ ಆಚೆಗೊಂದು ನುಡಿ ಬೆರೆತ ಊರುಗಳಲ್ಲಿ ಬೆಳೆದ ನಮಗೆ, ಗಡಿಯೂರಿನಲ್ಲಿ ಹಾಡು ಹೇಗೆ ಹುಟ್ಟುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪಿಯರ್ ಅವರು ಒಂದೊಂದು ಹಾಡಿಗೆ 50 ಡಾಲರ್ ಕೊಟ್ಟರು. ಆದರೆ ಅವರಿಗೆ ಬೇಕಾದದ್ದು ಹಕ್ಕುಸ್ವಾಮ್ಯ ಪಡೆಯಬಹುದಾದ ಹಾಡು. ಅಂದರೆ ಈಗಾಗಲೇ ಎಲ್ಲರೂ ಹಾಡಿ ಮುದ್ರಿಸಿರದ, ಹೊಸತೆನ್ನಬಹುದಾದ ಹಾಡು. ಹೀಗಾಗಿ ಕಾರ್ಟರ್ ಕುಟುಂಬದ ಹಿರಿಯರಾದ ಎ. ಪಿ. ಕಾರ್ಟರ್ ಬೆಟ್ಟದೂರುಗಳನ್ನೆಲ್ಲ ಸುತ್ತಿ, ಮುದುಕರ ಬಾಯಲ್ಲಿದ್ದ ಪದಗಳನ್ನು ಬರೆದು ತಂದು, ತಿದ್ದಿ, ತಮ್ಮ ಹೆಸರಿನಲ್ಲಿ ನೋಂದಾಯಿಸಿದರು. ನಾವು ಇಂದು ಹಳೆಯದರಲ್ಲಿ ಹಳೆಯದೆಂದು ಪೂಜಿಸುವ ಹಾಡುಗಳು ಮಾರುಕಟ್ಟೆ ‘ಹೊಸತು ತನ್ನಿ’ ಎಂದು ಕೇಳಿದ್ದಕ್ಕೆ ಸಿದ್ಧವಾದವು.

ಡ್ರಮ್ಮಿನ ಮಾತನ್ನೂ ತಾವು ಎತ್ತಿದ್ದೀರಿ. ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೊ ಕಾರ್ಯಕ್ರಮ 1925ರಿಂದ ನಡೆದುಬಂದಿದೆ. ಅದರ ವೇದಿಕೆಯ ಮೇಲೆ ಬಹಳ ಕಾಲ ಡ್ರಮ್ಮಿಗೆ ಜಾಗವಿರಲಿಲ್ಲ, ಅದು ಕಂಟ್ರಿಗೆ ಒಗ್ಗದ ವಾದ್ಯವೆಂಬ ಕಾರಣಕ್ಕೆ. ನಮ್ಮ ಆಕಾಶವಾಣಿಯೂ 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿತ್ತು. ಪರದೇಶಿ ಪೆಟ್ಟಿಗೆ, ನಮ್ಮ ಸ್ವರಗಳಿಗೆ ಹೊಂದದು ಎಂಬುದು ಕಾರಣ. ಆದರೆ ಆ 31 ವರ್ಷಗಳಲ್ಲಿ ನಮ್ಮ ಬಯಲಾಟದ ಅಟ್ಟದ ಮೇಲೆ, ಭಜನೆಯ ಗುಡಿಯಲ್ಲಿ, ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರರಿಲ್ಲದೆ ಒಂದು ರಾತ್ರಿಯೂ ಬೆಳಗಾಗಲಿಲ್ಲ. ಇಂದು ಹಾರ್ಮೋನಿಯಂ ಇಲ್ಲದ ಬಯಲಾಟವನ್ನು ಯಾರಾದರೂ ಆಡಿದರೆ, ಸಂಪ್ರದಾಯ ಕೆಟ್ಟಿತೆಂದು ನಾವೇ ಹೇಳುತ್ತೇವೆ.

ಹಾಗಾದರೆ ಎಲ್ಲವೂ ಒಂದೇ, ಯಾವುದನ್ನೂ ತೂಗಿ ನೋಡಬಾರದೆಂದು ನಾನು ಹೇಳುತ್ತಿಲ್ಲ. ನಾನು ಹಾಡಿನ ವರ್ಷವನ್ನು ನೋಡುವುದಿಲ್ಲ. ಹಾಡಿನೊಳಗೆ ಒಂದು ಊರು, ಒಂದು ಕೆಲಸ, ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುವಂತೆ ಇದ್ದಾನೆಯೇ ಎಂದು ನೋಡುತ್ತೇನೆ. 1949ರಲ್ಲಿ ಹ್ಯಾಂಕ್ ವಿಲಿಯಮ್ಸ್ ತಮ್ಮ ಒಂಟಿತನವನ್ನು ಹಾಡಿದಾಗ ಇರುಳಿನ ಹಕ್ಕಿ, ನಡುರಾತ್ರಿಯ ರೈಲು, ಬೀಳುವ ಚುಕ್ಕೆ ಇಷ್ಟನ್ನೇ ತೋರಿಸಿ ಸುಮ್ಮನಾದರು. ಅವರು 1953ರ ಹೊಸ ವರ್ಷದ ದಿನ, 29ನೆಯ ವಯಸ್ಸಿನಲ್ಲಿ, ಕಾರಿನ ಹಿಂಬದಿಯ ಸೀಟಿನಲ್ಲಿ ತೀರಿಕೊಂಡರು. ಅದಕ್ಕೆ ನಾಲ್ಕೈದು ತಿಂಗಳ ಹಿಂದಷ್ಟೇ ಕುಡಿತದ ಕಾರಣಕ್ಕೆ ಆಪ್ರಿ ಅವರನ್ನು ಕೈಬಿಟ್ಟಿತ್ತು. ಇಂದು ‘ಅಸಲಿ ಕಂಟ್ರಿ’ ಎಂದೊಡನೆ ಎಲ್ಲರೂ ಮೊದಲು ಹೇಳುವುದು ಅವರ ಹೆಸರನ್ನೇ. ತಮ್ಮ ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವರ ಆ ಒಂಟಿತನದ ಹಾಡನ್ನು ಒಮ್ಮೆ ಕೇಳಿಸಿರಿ. ಬಳಿಕ ಅವನು ಮೆಚ್ಚಿದ ಒಂದು ಹಾಡನ್ನು ತಾವೂ ಪೂರ್ತಿಯಾಗಿ ಕೇಳಿರಿ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಕಂಟ್ರಿ ಗಾಯಕರೆಲ್ಲ ಜೀನ್ಸ್ ಪ್ಯಾಂಟು, ಅಗಲ ಅಂಚಿನ ಟೋಪಿ, ಬೂಟು ಧರಿಸುತ್ತಾರೆ. ಹಳಬರು ನಿಜವಾದ ದನಗಾಹಿಗಳಾಗಿದ್ದರೇ? ಇಂದಿನವರದು ಬರೀ ವೇಷವೇ?
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ವೇಷ ಎಂಬುದಾದರೆ ಹಳಬರದೂ ವೇಷವೇ. ಆಪ್ರಿಯ ಮೊದಲ ವರ್ಷಗಳಲ್ಲಿ ವಾದಕರು ಕೋಟು, ಟೈ ಧರಿಸಿ ಬರುತ್ತಿದ್ದರು. ಅಲ್ಲಿ ಮೊದಮೊದಲು ನುಡಿಸಿದ ತಂಡವೊಂದರ ನಾಯಕರು ವೃತ್ತಿಯಿಂದ ವೈದ್ಯರಾದ ಡಾ. ಹಂಫ್ರಿ ಬೇಟ್. ಕಾರ್ಯಕ್ರಮದ ರೂವಾರಿ ಜಾರ್ಜ್ ಹೇ ಅವರು ಹಳ್ಳಿತನ ಎದ್ದು ಕಾಣಲೆಂದು ಆ ತಂಡಕ್ಕೆ ಕಾಡುಪ್ರಾಣಿಯ ಬೇಟೆಗಾರರೆಂಬ ಹೆಸರಿಟ್ಟರು. ವಾದಕರಿಗೆ ರೈತರ ಒರಟು ಉಡುಪು ತೊಡಿಸಿ ಫೋಟೊ ತೆಗೆಸಿದರು. ಕೌಬಾಯ್ ಟೋಪಿ ಬಂದದ್ದು 1930ರ ದಶಕದಲ್ಲಿ, ಹಾಡುವ ಕೌಬಾಯ್‌ಗಳ ಸಿನಿಮಾಗಳ ಮೂಲಕ. ಮುಂದೆ ಮಿನುಗುವ ಕಲ್ಲುಗಳನ್ನು ಪೋಣಿಸಿದ ಸೂಟುಗಳನ್ನು ಗಾಯಕರಿಗೆ ಹೊಲಿದುಕೊಟ್ಟು ಹೆಸರಾದ ದರ್ಜಿ ನೂಡಿ ಕೋನ್ ಹುಟ್ಟಿದ್ದು ಉಕ್ರೇನಿನ ಕೀವ್ ನಗರದಲ್ಲಿ. ತಾವು ದಿನವೂ ಪ್ಯಾಂಟಿಗೆ ಹಾಕುವ ತಾಮ್ರದ ರಿವೆಟ್ಟಿಗೆ 1873ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರಾದ ಜೇಕಬ್ ಡೇವಿಸ್ ಕೂಡ ವಲಸೆ ಬಂದ ದರ್ಜಿಯೇ. ಕೂಲಿಕಾರರ ಜೇಬು ಹರಿಯದಿರಲೆಂದು ಹುಡುಕಿದ ಉಪಾಯ ಅದು.

ನಮ್ಮಲ್ಲಿಯೂ ಇದನ್ನೇ ಕಾಣುತ್ತೇವೆ. ಜಿಲ್ಲಾ ಉತ್ಸವದ ವೇದಿಕೆಗೆ ಬರುವ ಹಾಡುಗಾರರಿಗೆ ಒಂದೇ ಬಣ್ಣದ ಹೊಳೆಯುವ ರುಮಾಲು ಸುತ್ತಿ ನಿಲ್ಲಿಸುತ್ತಾರೆ. ಊರಲ್ಲಿ ಅದೇ ಹಿರಿಯರು ಮಾಸಿದ ಅಂಗಿ, ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಹಾಡಿದಾಗ ಪದ ಇನ್ನೂ ಚೆನ್ನಾಗಿ ಬರುತ್ತದೆ. ಇದು ನನಗೆ ಪ್ರತಿ ಸಲವೂ ನೋವು ಕೊಡುವ ನೋಟ.

ಪ್ರಶ್ನೆ: ನನ್ನ ತಂದೆಯವರು ಗಣಿಯ ಒಳಗೆ ಮೂವತ್ತು ವರ್ಷ ಪಾಳಿಯಲ್ಲಿ ದುಡಿದರು. ಗಣಿ ಕಾರ್ಮಿಕರ ಬದುಕನ್ನು ಹಾಡಿದ ಕಂಟ್ರಿ ಹಾಡುಗಳಿವೆಯೇ? ಅಂಥವು ಈಗಲೂ ಬರುತ್ತಿವೆಯೇ?
— ಹಟ್ಟಿ, ರಾಯಚೂರು ಜಿಲ್ಲೆ

ಉತ್ತರ: ತಮ್ಮ ಪ್ರಶ್ನೆಗೆ ಉತ್ತರಿಸುವುದು ನನಗೆ ಸಂತೋಷದ ಕೆಲಸ. ಲೊರೆಟ್ಟಾ ಲಿನ್ ಅವರ ‘ಕೋಲ್ ಮೈನರ್ಸ್ ಡಾಟರ್’ ಎಂಬ ಹಾಡು 1970ರಲ್ಲಿ ಬಂದಿತು. ಕೆಂಟಕಿಯ ಬುಚರ್ ಹಾಲೊ ಎಂಬ ಗುಡ್ಡಗಾಡಿನ ಕಣಿವೆಯಲ್ಲಿ, ಕಲ್ಲಿದ್ದಲು ಗಣಿಯ ಕೂಲಿಕಾರನ ಮಗಳಾಗಿ ಹುಟ್ಟಿದ ಅವರು ತಮ್ಮ ಮನೆಯ ಕಥೆಯನ್ನೇ ಅದರಲ್ಲಿ ಹೇಳಿದ್ದಾರೆ. ತಂದೆ ಇರುಳೆಲ್ಲ ಗಣಿಯಲ್ಲಿ ದುಡಿದು ಹಗಲು ಹೊಲಕ್ಕೆ ಹೋಗುವುದು, ಬಟ್ಟೆ ಉಜ್ಜಿ ಉಜ್ಜಿ ತಾಯಿಯ ಬೆರಳು ನೆತ್ತರಾಗುವುದು, ಬೇಸಿಗೆಯಲ್ಲಿ ಮಕ್ಕಳಿಗೆ ಚಪ್ಪಲಿ ಇಲ್ಲದಿರುವುದು, ಚಳಿಗಾಲಕ್ಕೆ ಹೇಗೋ ಒಂದು ಜೊತೆ ಬೂಟು ಬರುವುದು, ಇಷ್ಟೇ ಸಂಗತಿ. ಬಡತನ ದೊಡ್ಡದೆಂದಾಗಲಿ, ತಂದೆ ದೇವರೆಂದಾಗಲಿ ಹಾಡು ಒಂದು ಕಡೆಯೂ ಕೂಗಿ ಹೇಳುವುದಿಲ್ಲ. ಮೊದಲು ಬರೆದಾಗ ಅದರಲ್ಲಿ ಇನ್ನೂ ಹಲವು ನುಡಿಗಳಿದ್ದವು. ಹಾಡು ಬಹಳ ಉದ್ದವಾಯಿತೆಂದು ನಿರ್ಮಾಪಕ ಓವೆನ್ ಬ್ರಾಡ್ಲಿ ಕೆಲವನ್ನು ತೆಗೆಸಿದರು. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡುತ್ತಿದ್ದ ತವರಿನ ಪದಗಳಿಗೆ ಯಾರೂ ಗಡಿಯಾರ ಹಿಡಿಯಲಿಲ್ಲ. ಉಳಿದ ನುಡಿಗಳೂ ಇರಬೇಕಿತ್ತೆಂದು ನನಗೆ ಅನಿಸುತ್ತಲೇ ಇರುತ್ತದೆ.

ಇದೇ ಲೊರೆಟ್ಟಾ ಲಿನ್, ಹೆರಿಗೆಯ ಮೇಲೆ ಹೆರಿಗೆಯಿಂದ ಬಳಲಿದ ಹೆಂಗಸೊಬ್ಬಳು ಗರ್ಭನಿರೋಧಕ ಗುಳಿಗೆಯನ್ನು ಸ್ವಾಗತಿಸುವ ಹಾಡನ್ನು 1975ರಲ್ಲಿ ತಂದಾಗ ಅನೇಕ ರೇಡಿಯೊ ಕೇಂದ್ರಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಹಳೆಯ ಕಂಟ್ರಿ ಎಂದರೆ ತಗ್ಗಿ ಬಗ್ಗಿ ನಡೆಯುವ ಹಾಡು ಎಂದು ತಿಳಿದವರಿಗೆ ಈ ಸಂಗತಿ ಗೊತ್ತಿರಲಿ.

ಇನ್ನು ಹೊಸಬರ ಮಾತು. ಲೊರೆಟ್ಟಾ ಅವರ ಜಿಲ್ಲೆಯಲ್ಲಿಯೇ ಬೆಳೆದ ಕ್ರಿಸ್ ಸ್ಟೇಪಲ್ಟನ್ ಅವರ ತಂದೆಯೂ ಕಲ್ಲಿದ್ದಲು ಗಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಪಕ್ಕದ ಜಿಲ್ಲೆಯ ಟೈಲರ್ ಚೈಲ್ಡರ್ಸ್ ಅವರ ಹಾಡುಗಳಲ್ಲಿ ಗಣಿ ಮುಚ್ಚಿದ ಊರು, ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರು, ಮಗನಿಗೆ ಬುದ್ಧಿ ಹೇಳುವ ತಂದೆ ಎಲ್ಲರೂ ಇದ್ದಾರೆ. ಚೈಲ್ಡರ್ಸ್ ಇನ್ನೂ ಎಳೆಯರು, ಅವರ ಕೇಳುಗರೂ ಎಳೆಯರು. 1965ರ ಕುರಿತು ನಾನು ಬರೆದ ಮಾತು ಅವಸರದ್ದೆಂದು ನನಗೆ ತಿಳಿಸಿಕೊಟ್ಟವರಲ್ಲಿ ಅವರು ಮೊದಲಿಗರು.

ಪ್ರಶ್ನೆ: ಕಂಟ್ರಿ ಎಂದರೆ ಬಿಳಿಯರ ಸಂಗೀತವೆಂದು ಓದಿದ್ದೇನೆ. ಹಾಗಿದ್ದರೆ ಕಪ್ಪು ಪಾಪ್ ಗಾಯಕಿ ಬಿಯಾನ್ಸೆ ಅವರಿಗೆ ಕಂಟ್ರಿ ವಿಭಾಗದ ಪ್ರಶಸ್ತಿ ಬಂದದ್ದು ಹೇಗೆ? ಹೊಸ ಕಾಲದವರು ಹಳೆಯ ಚೌಕಟ್ಟನ್ನು ಮುರಿದರೆಂದೇ?
— ಹತ್ತಿ ವ್ಯಾಪಾರಿ, ರಾಯಚೂರು

ಉತ್ತರ: ಮುರಿದ ಚೌಕಟ್ಟನ್ನು ಮೊದಲು ಕಟ್ಟಿದವರು ಯಾರು ಎಂಬಲ್ಲಿಂದ ಹೊರಡಬೇಕು. ಕಂಟ್ರಿಯ ಗುರುತೆನಿಸಿದ ಬ್ಯಾಂಜೊ ಎಂಬ ತಂತಿವಾದ್ಯದ ಮೂಲ ಆಫ್ರಿಕಾ. ಗುಲಾಮರಾಗಿ ಹಡಗು ಹತ್ತಿದವರ ನೆನಪಿನಲ್ಲಿ ಅದು ಅಮೆರಿಕಕ್ಕೆ ಬಂದಿತು. ಎ. ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ತಿರುಗುವಾಗ ಅವರ ಜೊತೆಗಿದ್ದು, ಒಮ್ಮೆ ಕೇಳಿದ ಮಟ್ಟನ್ನು ನೆನಪಿನಲ್ಲಿಟ್ಟು ತಂದುಕೊಟ್ಟವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಬಾಲಕ ಹ್ಯಾಂಕ್ ವಿಲಿಯಮ್ಸ್‌ಗೆ ಗಿಟಾರ್ ಹೇಳಿಕೊಟ್ಟ ರೂಫಸ್ ಪೇನ್ ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಕಲಾವಿದರು. ಆಪ್ರಿಯ ಮೊದಲ ಜನಪ್ರಿಯ ವಾದಕರಲ್ಲಿ ಒಬ್ಬರಾದ ಡಿಫೋರ್ಡ್ ಬೇಲಿ ಮೌತ್ ಆರ್ಗನ್ನಿನಲ್ಲಿ ರೈಲಿನ ಸದ್ದನ್ನು ಹೊರಡಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. 1941ರಲ್ಲಿ ಅವರನ್ನು ಕೈಬಿಡಲಾಯಿತು, ಕಂಟ್ರಿ ಸಂಗೀತದ ಗೌರವ ಭವನದಲ್ಲಿ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಹೋಗಿ ಎರಡು ದಶಕಗಳ ಮೇಲೆ. ಜಿಮ್ಮಿ ರಾಜರ್ಸ್ 1930ರಲ್ಲಿ ಮುದ್ರಿಸಿದ ಒಂದು ಹಾಡಿಗೆ ಟ್ರಂಪೆಟ್ ನುಡಿಸಿದವರು ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್. ಹೀಗೆ ಒಂದೇ ಅಂಗಳದಲ್ಲಿ ಬೆಳೆದ ಹಾಡನ್ನು ರೆಕಾರ್ಡ್ ಕಂಪನಿಗಳು 1920ರ ದಶಕದಲ್ಲಿ ಎರಡು ಪಟ್ಟಿಗಳಾಗಿ ಹೋಳು ಮಾಡಿದವು: ಕಪ್ಪು ಜನರಿಗೆ ಮಾರಲು ‘ರೇಸ್’ ಎಂಬ ಪಟ್ಟಿ, ಬಿಳಿಯರಿಗೆ ಮಾರಲು ‘ಹಿಲ್‌ಬಿಲಿ’ ಎಂಬ ಪಟ್ಟಿ. ಎರಡನೆಯದೇ ಮುಂದೆ ಕಂಟ್ರಿ ಎನಿಸಿಕೊಂಡಿತು.

ತಾವು ಹತ್ತಿಯ ವ್ಯಾಪಾರದಲ್ಲಿರುವುದರಿಂದ ಒಬ್ಬರ ಹೆಸರನ್ನು ವಿಶೇಷವಾಗಿ ಹೇಳುತ್ತೇನೆ. ಚಾರ್ಲಿ ಪ್ರೈಡ್ ಹುಟ್ಟಿದ್ದು 1934ರಲ್ಲಿ, ಮಿಸಿಸಿಪ್ಪಿ ರಾಜ್ಯದ ಸ್ಲೆಜ್ ಎಂಬ ಊರಿನ ಕಪ್ಪು ಕುಟುಂಬವೊಂದರಲ್ಲಿ. ತಂದೆ ಪಾಲಿಗೆ ಹೊಲ ಮಾಡುವ ರೈತರು, ಮಕ್ಕಳೆಲ್ಲ ಹತ್ತಿ ಬಿಡಿಸುವ ಕೈಗಳು. ಆ ಮನೆಯ ರೇಡಿಯೊದಲ್ಲಿ ಆಪ್ರಿ ಕೇಳಿ ಕೇಳಿ ಬೆಳೆದ ಹುಡುಗ ಬೇಸ್‌ಬಾಲ್ ಆಡಿ, ಕಾರ್ಖಾನೆಯಲ್ಲಿ ದುಡಿದು, ಕೊನೆಗೆ 1960ರ ದಶಕದ ನಡುವಿನಲ್ಲಿ ಗಾಯಕರಾದರು. ಅವರ ಮೊದಲ ರೆಕಾರ್ಡುಗಳನ್ನು ರೇಡಿಯೊ ಕೇಂದ್ರಗಳಿಗೆ ಕಳಿಸುವಾಗ ಕಂಪನಿಯವರು ಫೋಟೊ ಇಡಲಿಲ್ಲ. ದನಿ ಕೇಳಿದವರಿಗೆ ಬಣ್ಣ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಹಾಡು ಎಲ್ಲರ ಬಾಯಲ್ಲಿತ್ತು. ಈ ಸಂಗತಿಯನ್ನು ನೆನೆದಾಗೆಲ್ಲ ನನಗೆ ಮೆಚ್ಚುಗೆ, ಸಂಕಟ ಎರಡೂ ಒಟ್ಟಿಗೆ ಆಗುತ್ತವೆ.

2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಯುವಕನ ‘ಓಲ್ಡ್ ಟೌನ್ ರೋಡ್’ ಹಾಡನ್ನು, ವಾರವಾರ ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆ, ಕಂಟ್ರಿಯ ಲಕ್ಷಣಗಳು ಸಾಲವೆಂದು ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಆ ಹಾಡು ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದರಲ್ಲಿ ಕೇಳಿಬರುವ ಬ್ಯಾಂಜೊ ತುಣುಕು ಟ್ರೆಂಟ್ ರೆಜ್ನರ್ ಅವರ ರಾಕ್ ತಂಡದ ಮುದ್ರಣವೊಂದರಿಂದ ತೆಗೆದದ್ದು. ಕಂಟ್ರಿಯ ಹಿರಿಯ ಗಾಯಕ ಜಾನಿ ಕ್ಯಾಶ್ ತಮ್ಮ ಕೊನೆಗಾಲದಲ್ಲಿ, 2002ರಲ್ಲಿ ಹಾಡಿದ ‘ಹರ್ಟ್’ ಎಂಬ ಹಾಡನ್ನು ಬರೆದವರೂ ಅದೇ ರೆಜ್ನರ್. ಹಳೆಯದನ್ನು ಮೆಚ್ಚುವ ಎಷ್ಟೋ ಜನ ‘ಹರ್ಟ್’ ಕೇಳಿ ಕಣ್ಣೀರಿಟ್ಟಿದ್ದಾರೆ, ಅದನ್ನು ತಮ್ಮದೆಂದು ಅಪ್ಪಿಕೊಂಡಿದ್ದಾರೆ. ಒಂದೇ ಕೈಯಿಂದ ಬಂದ ಎರಡರಲ್ಲಿ ಒಂದು ಮನೆಯೊಳಗೆ, ಇನ್ನೊಂದು ಬಾಗಿಲ ಹೊರಗೆ ಉಳಿದದ್ದು ನ್ಯಾಯವೆಂದು ನನಗೆ ಕಾಣುವುದಿಲ್ಲ.

ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ 2024ರಲ್ಲಿ ಬಂದಿತು. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತ ಸಂಘದ ಪ್ರಶಸ್ತಿಗಳಿಗೆ ಅದು ನಾಮನಿರ್ದೇಶನವನ್ನೂ ಪಡೆಯಲಿಲ್ಲ; 2025ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಆಲ್ಬಮ್ ಮತ್ತು ಶ್ರೇಷ್ಠ ಕಂಟ್ರಿ ಆಲ್ಬಮ್ ಎರಡೂ ಅದಕ್ಕೇ ಸಂದವು. ಅದಾದ ಕೆಲವೇ ತಿಂಗಳುಗಳಲ್ಲಿ ಗ್ರ್ಯಾಮಿಯವರು ಕಂಟ್ರಿ ಆಲ್ಬಮ್ ವಿಭಾಗವನ್ನು ಸಾಂಪ್ರದಾಯಿಕ, ಸಮಕಾಲೀನ ಎಂದು ಎರಡಾಗಿ ಒಡೆದರು. ಪಟ್ಟಿ ಮತ್ತೊಮ್ಮೆ ಹೋಳಾಯಿತು.

ಪ್ರಶ್ನೆ: ಹೊಸ ಕಂಟ್ರಿ ಹಾಡುಗಳನ್ನು ಕೇಳುವ ಹುಡುಗಿ ನಾನು, ಆದರೂ ಅವುಗಳಲ್ಲಿ ಬಹಳಷ್ಟು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೇಳಿಸುತ್ತವೆ. ಪಿಕಪ್ ಟ್ರಕ್ಕು, ಬಿಯರು, ಹೊಳೆದಂಡೆ, ಪಕ್ಕದಲ್ಲೊಬ್ಬಳು ಹುಡುಗಿ. ನಮ್ಮೂರ ಜಾತ್ರೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಟ್ರ್ಯಾಲಿಯ ಮೇಲೆ ಕೇಳಿಬರುವ ಡಿಜೆ ಜಾನಪದವೂ ಹೀಗೆಯೇ ಇದೆ. ಇದು ಏಕೆ ಹೀಗಾಯಿತು?
— ಕಾಲೇಜು ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಈ ಬಗೆಯ ಹಾಡಿಗೆ ಅಲ್ಲಿನ ಪತ್ರಕರ್ತರೊಬ್ಬರು 2013ರಲ್ಲಿ ‘ಬ್ರೋ ಕಂಟ್ರಿ’ ಎಂದು ಹೆಸರಿಟ್ಟರು. ಪಡ್ಡೆ ಹುಡುಗರ ಕಂಟ್ರಿ ಎನ್ನಬಹುದು. ಗೀತರಚನೆಕಾರರೊಬ್ಬರು ಆ ವರ್ಷಗಳ ಆರು ಜನಪ್ರಿಯ ಹಾಡುಗಳನ್ನು ಒಂದರ ಮೇಲೊಂದಿಟ್ಟು ನುಡಿಸಿ ತೋರಿಸಿದರು. ಆರೂ ಒಂದೇ ಹಾಡಿನಂತೆ ಹೊಂದಿಕೊಂಡವು. 2012ರ ಅಕ್ಟೋಬರಿನಲ್ಲಿ ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯ ಲೆಕ್ಕವನ್ನು ಬದಲಿಸಿ, ಕಂಟ್ರಿಯೇತರ ರೇಡಿಯೊ ಕೇಂದ್ರಗಳ ಪ್ರಸಾರವನ್ನೂ ಅಂತರ್ಜಾಲದಲ್ಲಿ ಕೇಳಿದ್ದನ್ನೂ ಸೇರಿಸಿಕೊಂಡಿತು. ಪಾಪ್ ಕೇಳುಗರಿಗೂ ಹಿಡಿಸುವ ಹಾಡು ಆ ಪಟ್ಟಿಯ ಮೇಲುಗಡೆ ಗಟ್ಟಿಯಾಗಿ ಕೂತಿತು. ರ‍್ಯಾಪ್ ಗಾಯಕರೊಬ್ಬರನ್ನು ಸೇರಿಸಿಕೊಂಡು ಮತ್ತೆ ಬಿಡುಗಡೆಯಾದ ‘ಕ್ರೂಸ್’ ಎಂಬ ಹಾಡು 24 ವಾರ ಅಲ್ಲಿಯೇ ಉಳಿಯಿತು. ಒಂದು ಅಚ್ಚು ಗೆದ್ದಿತೆಂದರೆ ಉಳಿದವರು ಅದರಲ್ಲಿಯೇ ಎರಕ ಹೊಯ್ಯುತ್ತಾರೆ. ನ್ಯಾಶ್‌ವಿಲ್‌ನಲ್ಲಿ ಮೂರು ನಾಲ್ಕು ಜನ ಹೊತ್ತು ಗೊತ್ತುಮಾಡಿಕೊಂಡು, ಕೋಣೆಯಲ್ಲಿ ಕೂತು ಹಾಡು ಬರೆಯುವುದು ದಿನನಿತ್ಯದ ಕಸುಬು. ಹಾಗೆ ಬರೆದ ಒಳ್ಳೆಯ ಹಾಡುಗಳೂ ಇವೆ, ಆದರೆ ಒಬ್ಬರ ಊರಿನ ನಿಜವಾದ ಗುರುತು ಅಲ್ಲಿ ಸವೆದುಹೋಗುವ ಅಪಾಯ ಹೆಚ್ಚು.

ಹಾಡಿನೊಳಗೆ ಬರೀ ಕೂರಲು ಬಂದ ಆ ಹುಡುಗಿಗೂ ಹೇಳುವುದಿತ್ತು. ಮ್ಯಾಡಿ ಮತ್ತು ಟೇ ಎಂಬ ಇಬ್ಬರು ಎಳೆಯ ಗಾಯಕಿಯರು 2014ರಲ್ಲಿ, ಕಂಟ್ರಿ ಹಾಡಿನೊಳಗಿನ ಹುಡುಗಿಯೇ ತನ್ನ ಪಾಡನ್ನು ಹೇಳಿಕೊಳ್ಳುವ ಹಾಡೊಂದನ್ನು ತಂದರು, ಮತ್ತು ಅದು ರೇಡಿಯೊ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಮರುವರ್ಷವೇ ರೇಡಿಯೊ ಸಲಹೆಗಾರರೊಬ್ಬರು ಗಾಯಕಿಯರ ಹಾಡುಗಳನ್ನು ಒಂದರ ಹಿಂದೆ ಒಂದು ಪ್ರಸಾರ ಮಾಡಬಾರದೆಂದು, ಅವರು ಪಚ್ಚಡಿಯಲ್ಲಿ ಅಲ್ಲಲ್ಲಿ ಹಾಕುವ ಟೊಮೆಟೊ ಹೋಳುಗಳಿದ್ದಂತೆ ಎಂದು ಹೇಳಿ ದೊಡ್ಡ ಜಗಳಕ್ಕೆ ಕಾರಣರಾದರು. ಪ್ಯಾಟ್ಸಿ ಕ್ಲೈನ್, ಲೊರೆಟ್ಟಾ ಲಿನ್, ಡಾಲಿ ಪಾರ್ಟನ್ ಅವರಂಥ ಗಾಯಕಿಯರು ಕಟ್ಟಿದ ಮನೆಯಲ್ಲಿ ಆಡಬಾರದ ಮಾತು ಅದು.

ಡಿಜೆ ಜಾನಪದದ ಕುರಿತು ನನ್ನ ಅಭಿಪ್ರಾಯ ನಿಮಗಿಂತ ತುಸು ಮೃದುವಾಗಿದೆ. ಪಿಕಪ್ ಟ್ರಕ್ಕಿನಂತೆಯೇ ಟ್ರ್ಯಾಕ್ಟರು ಕೂಡ ಇಂದಿನ ಹಳ್ಳಿಯ ನಿಜ. ಎತ್ತು, ಮೇಟಿ, ಕಣ ಇದ್ದಾಗ ಇರುಳಿಡೀ ಹಂತಿಯ ಪದ ನಡೆಯಿತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ಹೂಡುವವರಿಲ್ಲ, ಆ ಪದ ಹಾಡಲು ಕೆಲಸವೇ ಇಲ್ಲ. ಟ್ರ್ಯಾಕ್ಟರಿನ ಮೇಲೆ ಹಾಡು ಕಟ್ಟುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಅದರ ಸಾಲದ ಕಂತು, ರಾತ್ರಿಯ ಗಳೆ, ಡೀಸೆಲ್ ವಾಸನೆಯನ್ನು ಇನ್ನೂ ಹಾಡಿಲ್ಲ ಎಂಬುದಷ್ಟೇ ನನ್ನ ಕೊರಗು.

ಪ್ರಶ್ನೆ: ಹಳೆಯ ಕಂಟ್ರಿ ಹಾಡುಗಳಲ್ಲಿ ಅಳುವಂತೆ ಎಳೆದು ನುಡಿಯುವ ವಾದ್ಯ ಯಾವುದು?
— ಮುದಗಲ್

ಉತ್ತರ: ಪೆಡಲ್ ಸ್ಟೀಲ್ ಗಿಟಾರ್. ತಂತಿಗಳ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸುವ ಪದ್ಧತಿ ಹವಾಯಿ ದ್ವೀಪದ್ದು. ಅದಕ್ಕೆ ಕಾಲಿನ ಪೆಡಲ್ಲು, ಮೊಣಕಾಲಿನ ಸನ್ನೆ ಜೋಡಿಸಿ, ನುಡಿಯುತ್ತಿರುವ ತಂತಿಯ ಸ್ವರವನ್ನೇ ಮೇಲೆ ಕೆಳಗೆ ಬಾಗಿಸುತ್ತಾರೆ. 1954ರಲ್ಲಿ ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ಬಡ್ ಐಸಾಕ್ಸ್ ಹೀಗೆ ನುಡಿಸಿದ ಮೇಲೆ ಎಲ್ಲ ಸ್ಟೀಲ್ ವಾದಕರೂ ಅದರ ಬೆನ್ನು ಹತ್ತಿದರು. ಸ್ವರದಿಂದ ಸ್ವರಕ್ಕೆ ಜಾರುವ ಹಿಂದೂಸ್ತಾನಿ ಸಂಗೀತದ ಮೀಂಡ್ ಕೇಳಿದ ಕಿವಿಗೆ ಅದು ಬೇಗ ಒಗ್ಗುತ್ತದೆ. ಮೊಹರಂ ರಾತ್ರಿ ತಮ್ಮ ಊರಿನಲ್ಲಿ ರಿವಾಯತ್ ಪದದ ಕೊನೆಯ ಸ್ವರವನ್ನು ಎಳೆಯುವುದನ್ನು ಕೇಳಿದವರಿಗಂತೂ ಇನ್ನೂ ಬೇಗ.

ಪ್ರಶ್ನೆ: ನಮ್ಮಲ್ಲಿ ಬುರ್ರಕಥೆ, ತತ್ವಪದ, ಗೀಗೀಪದ ಇಷ್ಟೆಲ್ಲ ಇರುವಾಗ ಅಮೆರಿಕದ ಹಳ್ಳಿಹಾಡಿನ ಮೇಲೆ ಪುಟ ತುಂಬಿಸುವುದು ಸರಿಯೇ? ಬೇಕೆಂದರೂ, ಹೊಸದಾಗಿ ಕೇಳುವವರು ಎಲ್ಲಿಂದ ಆರಂಭಿಸಬೇಕು?
— ಸಂಡೂರು

ಉತ್ತರ: ತಮ್ಮ ತಾಲ್ಲೂಕಿನ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಆ ತಾಯಿ ರಾತ್ರಿಗಟ್ಟಲೆ ನಡೆಯುವ ಕಥೆಗಳನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದರು. ಅವರ ಮುಂದೆ ಕೂತು ಕೇಳಿದ ಕಿವಿಗೆ ಕಾರ್ಟರ್ ಕುಟುಂಬದ ಸಾರಾ ಕಾರ್ಟರ್ ಅವರ ಒಣ, ನೇರ, ಅಲಂಕಾರವಿಲ್ಲದ ದನಿ ಪರಕೀಯವೆನಿಸುವುದಿಲ್ಲ. ನನಗೆ ಒಂದನ್ನು ಕೇಳಲು ಇನ್ನೊಂದೇ ಕಲಿಸಿತು; ಸಾರಾ ಅವರನ್ನು ಕೇಳಿದ ಮೇಲೆ ಈರಮ್ಮನವರ ಧ್ವನಿಮುದ್ರಣಗಳನ್ನು ಮತ್ತೆ ಹುಡುಕಿ ಕೇಳಿದೆ.

ದೂರದ ಹಾಡು ಎಲ್ಲೆಲ್ಲಿಗೆ ಹೋಗುತ್ತದೆಂಬುದಕ್ಕೆ ಕೀನ್ಯಾದ ಒಂದು ಸಂಗತಿ ಇದೆ. ಅಲ್ಲಿನ ಕಿಪ್ಸಿಗಿಸ್ ಬುಡಕಟ್ಟಿನವರು ಗ್ರಾಮಫೋನಿನಲ್ಲಿ ಜಿಮ್ಮಿ ರಾಜರ್ಸ್ ದನಿ ಕೇಳಿ, ಆ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗುವಂತೆ ‘ಚೆಮಿರೋಚಾ’ ಮಾಡಿಕೊಂಡು, ಅವನು ಅರ್ಧ ಮನುಷ್ಯ ಅರ್ಧ ಜಿಂಕೆಯೆಂದು ಕಲ್ಪಿಸಿ ತಮ್ಮದೇ ಹಾಡು ಕಟ್ಟಿದರು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕರು ಅದನ್ನು ಮುದ್ರಿಸಿಕೊಂಡರು. ರಾಜರ್ಸ್ ಆ ವೇಳೆಗೆ ಕ್ಷಯದಿಂದ ತೀರಿಹೋಗಿ 17 ವರ್ಷಗಳಾಗಿದ್ದವು.

ಆರಂಭಿಸುವವರಿಗೆ ಡಾಲಿ ಪಾರ್ಟನ್ ಅವರ 1971ರ ‘ಕೋಟ್ ಆಫ್ ಮೆನಿ ಕಲರ್ಸ್’ ಒಳ್ಳೆಯದು. ಚಿಂದಿ ಬಟ್ಟೆಗಳನ್ನು ಜೋಡಿಸಿ ತಾಯಿ ಹೊಲಿದ ಕೋಟಿನ ಕಥೆ ಅದು, ಕೌದಿ ಹೊದ್ದು ಮಲಗಿದ ನಮಗೆ ಅನುವಾದ ಬೇಡ. ಹೊಸದರಲ್ಲಿ ‘ಫಾಸ್ಟ್ ಕಾರ್’ ಕೇಳಬಹುದು. ಟ್ರೇಸಿ ಚಾಪ್‌ಮನ್ 1988ರಲ್ಲಿ ಹಾಡಿದ ಇದನ್ನು ಕಂಟ್ರಿ ಗಾಯಕ ಲೂಕ್ ಕೋಂಬ್ಸ್ 2023ರಲ್ಲಿ ಹೆಚ್ಚುಕಡಿಮೆ ಹಾಗೆಯೇ ಹಾಡಿ, ಅದನ್ನು ಬರೆದ ಚಾಪ್‌ಮನ್ ಅವರಿಗೆ ಕಂಟ್ರಿ ಸಂಗೀತ ಸಂಘದ ವರ್ಷದ ಹಾಡಿನ ಪ್ರಶಸ್ತಿ ಬರುವಂತಾಯಿತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಅವರು. ಎರಡೂ ಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿರಿ.

ಮೂರನೆಯದಾಗಿ, ನನ್ನ ಆಸೆಗೆಂದು, ಪ್ಯಾಟ್ಸಿ ಕ್ಲೈನ್ ಅವರ 1961ರ ‘ಕ್ರೇಜಿ’. ಹಾಡು ಬರೆದವರು ಆಗಿನ್ನೂ ಹೆಸರು ಮಾಡಿರದ ವಿಲ್ಲಿ ನೆಲ್ಸನ್. ಆ ವರ್ಷದ ಜೂನಿನಲ್ಲಿ ಕಾರು ಅಪಘಾತದಲ್ಲಿ ಪ್ಯಾಟ್ಸಿ ತೀವ್ರವಾಗಿ ಗಾಯಗೊಂಡಿದ್ದರು. ಆಗಸ್ಟಿನಲ್ಲಿ ಸ್ಟುಡಿಯೊಗೆ ಬಂದಾಗ ಪಕ್ಕೆಲುಬಿನ ನೋವಿನಿಂದ ಮೇಲಿನ ಸ್ವರಕ್ಕೆ ಉಸಿರು ನಿಲ್ಲಲಿಲ್ಲ. ವಾದ್ಯಗಳನ್ನಷ್ಟೇ ಮುದ್ರಿಸಿಕೊಂಡು ಅವರನ್ನು ಮನೆಗೆ ಕಳಿಸಿದರು. ಕೆಲವು ವಾರಗಳ ಮೇಲೆ ಮತ್ತೆ ಬಂದು, ಆ ವಾದ್ಯಗಳ ಮೇಲೆ ತಮ್ಮ ದನಿಯನ್ನು ಹಾಡಿ ಸೇರಿಸಿದರು. ಇಂದು ನಾವು ಕೇಳುವುದು ಆ ದನಿಯನ್ನು.